ಮೂರು ಸಲ ನೋಡಿದರೂ ತಪ್ಪೇಕೆ ಕಾಣಲಿಲ್ಲ?

ಗ್ರಹಿಕೆ, ಚೇತರಿಕೆ, ತೀರ್ಮಾನ: ಈ ಮೂರರ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಐದಕ್ಕೆ ಮನಶ್ಶಾಸ್ತ್ರ ತಜ್ಞರ ಉತ್ತರ

ಪ್ರಶ್ನೆ: ದಾಖಲೆ ಪರಿಶೀಲನೆ ನನ್ನ ಕೆಲಸ. ಮೂರು ಸಲ ನೋಡಿ ಸಹಿ ಹಾಕಿದ ಹಾಳೆಯಲ್ಲೂ ದೊಡ್ಡ ತಪ್ಪು ಉಳಿದಿರುತ್ತದೆ. ಬೇರೆಯವರಿಗೆ ಅದು ಒಂದೇ ನೋಟಕ್ಕೆ ಕಾಣುತ್ತದೆ. ಇದು ಅಸಡ್ಡೆಯೇ, ಕಣ್ಣಿನ ದೋಷವೇ?

ಉತ್ತರ: ಬಹುಮಟ್ಟಿಗೆ ಎರಡೂ ಅಲ್ಲ. ಗಮನ ಒಂದನ್ನು ಹುಡುಕುತ್ತಿದ್ದರೆ, ಕಣ್ಣೆದುರಿಗೇ ಇರುವ ಇನ್ನೊಂದು ಕಾಣದೆ ಹೋಗುತ್ತದೆ. 1999ರಲ್ಲಿ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೊಫರ್ ಶಾಬ್ರಿ ತೋರಿಸಿದ ವಿಡಿಯೊದಲ್ಲಿ ಆಟಗಾರರು ಚೆಂಡನ್ನು ಎಷ್ಟು ಸಲ ಕೈ ಬದಲಿಸುತ್ತಾರೆಂದು ಎಣಿಸಬೇಕಿತ್ತು. ಎಣಿಕೆಯಲ್ಲಿ ಮುಳುಗಿದ್ದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ನಡುವೆ ಹಾದುಹೋದ ಗೊರಿಲ್ಲಾ ವೇಷಧಾರಿ ಕಾಣಲೇ ಇಲ್ಲ.

ನುರಿತವರ ಕಣ್ಣಾದರೆ ಹೀಗಾಗದು ಎನ್ನಬಹುದು. 2013ರಲ್ಲಿ ಟ್ರಾಫ್ಟನ್ ಡ್ರೂ ಮತ್ತು ಸಂಗಡಿಗರು 24 ರೇಡಿಯಾಲಜಿಸ್ಟ್‌ಗಳಿಗೆ ಶ್ವಾಸಕೋಶದ ಸಿಟಿ ಸ್ಕ್ಯಾನ್ ಕೊಟ್ಟು ಗಂಟುಗಳನ್ನು ಹುಡುಕಲು ಹೇಳಿದರು. ಸಾಮಾನ್ಯ ಗಂಟಿಗಿಂತ 48 ಪಟ್ಟು ದೊಡ್ಡದಾದ ಗೊರಿಲ್ಲಾ ಚಿತ್ರವನ್ನು ಅದರಲ್ಲಿ ಸೇರಿಸಿದ್ದರು. 20 ಮಂದಿಗೆ ಅದು ಕಾಣಲಿಲ್ಲ. ಕಣ್ಣಿನ ಚಲನೆ ಅಳೆದಾಗ, ಆ 20ರಲ್ಲಿ 12 ಮಂದಿಯ ದೃಷ್ಟಿ ನೇರವಾಗಿ ಗೊರಿಲ್ಲಾದ ಮೇಲೇ ಬಿದ್ದಿತ್ತು!

ನಿಮ್ಮ ಕೆಲಸಕ್ಕೆ ಇನ್ನೂ ಹತ್ತಿರವಾದ ಕಾರಣ ಬೇರೊಂದಿದೆ. ಅಪರೂಪದ್ದು ಕಣ್ಣು ತಪ್ಪಿಸುತ್ತದೆ. ಜೆರೆಮಿ ವುಲ್ಫ್ ತಂಡದ 2005ರ ಪ್ರಯೋಗದಲ್ಲಿ, ಹುಡುಕುವ ವಸ್ತು ಅರ್ಧದಷ್ಟು ಚಿತ್ರಗಳಲ್ಲಿದ್ದಾಗ ಜನ ಅದನ್ನು ತಪ್ಪಿಸಿಕೊಂಡದ್ದು ಶೇ. 7ರಷ್ಟು ಸಲ. ಶೇ. 1ರಷ್ಟು ಚಿತ್ರಗಳಲ್ಲಿ ಮಾತ್ರ ಇದ್ದಾಗ ಅದು ಶೇ. 30ಕ್ಕೆ ಏರಿತು. ‘ಇಲ್ಲ, ಇಲ್ಲ’ ಎಂದು ಉತ್ತರಿಸಿ ಉತ್ತರಿಸಿ ಹುಡುಕಾಟವನ್ನು ಬೇಗ ಮುಗಿಸಿಬಿಡುವುದು ರೂಢಿಯಾಗುತ್ತದೆ. ‘ಇನ್ನಷ್ಟು ಎಚ್ಚರದಿಂದ ನೋಡಿ’ ಎಂಬ ಮೇಲಧಿಕಾರಿಯ ಸುತ್ತೋಲೆಯಿಂದ ಇದು ಸರಿಹೋಗದು.

ಹಾಗಾಗಿ ಮೂರು ಸಲ ಒಂದೇ ರೀತಿ ನೋಡಬೇಡಿ. ಮೊದಲ ಸುತ್ತಿನಲ್ಲಿ ಅಂಕಿಗಳನ್ನಷ್ಟೇ ನೋಡಿ, ಎರಡನೆಯದರಲ್ಲಿ ಹೆಸರು ಮತ್ತು ದಿನಾಂಕ, ಮೂರನೆಯದರಲ್ಲಿ ಕೊನೆಯ ಸಾಲಿನಿಂದ ಮೇಲಕ್ಕೆ ಗಟ್ಟಿಯಾಗಿ ಓದಿ. ಕೆಳಗಿನಿಂದ ಓದುವಾಗ ಮುಂದೇನು ಬರುತ್ತದೆಂದು ಮನಸ್ಸು ಮೊದಲೇ ಊಹಿಸಿ ತುಂಬಿಕೊಳ್ಳುವುದು ಕಷ್ಟ. ತಂಡದಲ್ಲಿದ್ದರೆ, 50 ಹಾಳೆಗಳ ಕಟ್ಟಿನಲ್ಲಿ ಐದಾರು ತಪ್ಪುಗಳನ್ನು ಒಬ್ಬರು ಬೇಕೆಂದೇ ಸೇರಿಸಿ, ಪಟ್ಟಿ ತಮ್ಮ ಬಳಿ ಇಟ್ಟುಕೊಳ್ಳಲಿ. ವಿಮಾನ ನಿಲ್ದಾಣಗಳ ಬ್ಯಾಗ್ ತಪಾಸಣೆಯ ಪರದೆಯಲ್ಲೂ ಹೀಗೆಯೇ ನಡುನಡುವೆ ಹುಸಿ ಆಯುಧದ ಚಿತ್ರ ತೋರಿಸುತ್ತಾರೆ. ಸೇರಿಸಿದ ತಪ್ಪುಗಳನ್ನು ಕೆಲಸ ಮುಗಿದ ಮೇಲೆ ಪಟ್ಟಿ ನೋಡಿ ತೆಗೆಯುವುದನ್ನು ಮರೆತರೆ ಮಾತ್ರ ಔಷಧವೇ ರೋಗವಾದೀತು.

ಪ್ರಶ್ನೆ: ದಿನವಿಡೀ ತೀರ್ಮಾನ ತೆಗೆದುಕೊಂಡರೆ ಇಚ್ಛಾಶಕ್ತಿ ಬ್ಯಾಟರಿಯಂತೆ ಬರಿದಾಗುತ್ತದೆಯಂತೆ, ನಿಜವೇ?

ಉತ್ತರ: ಆ ಬ್ಯಾಟರಿಯನ್ನು ನಂಬಿ ದಿನಚರಿ ಕಟ್ಟಬೇಡಿ. 1998ರಲ್ಲಿ ರಾಯ್ ಬೌಮೈಸ್ಟರ್ ತಂಡ ಮಂಡಿಸಿದ ಈ ವಾದ ಬಹಳ ಜನಪ್ರಿಯವಾಯಿತು. 2016ರಲ್ಲಿ 23 ಪ್ರಯೋಗಾಲಯಗಳು ಒಂದೇ ವಿಧಾನದಲ್ಲಿ 2,141 ಜನರನ್ನು ಪರೀಕ್ಷಿಸಿದಾಗ ಪರಿಣಾಮ ಸೊನ್ನೆಗೆ ಹತ್ತಿರವಿತ್ತು. 2021ರ 36 ಪ್ರಯೋಗಾಲಯಗಳ ಜಂಟಿ ಪರೀಕ್ಷೆಯಲ್ಲೂ ಹೆಚ್ಚೇನೂ ಸಿಗಲಿಲ್ಲ. ದಣಿವು ಸುಳ್ಳಲ್ಲ. ನಿದ್ದೆಗೆಟ್ಟರೆ ಗಮನ ಕುಸಿಯುವುದಕ್ಕೆ ಗಟ್ಟಿ ಪುರಾವೆಯಿದೆ.

ಪ್ರಶ್ನೆ: ದೊಡ್ಡ ಆಘಾತದ ನಂತರ ಕೆಲವರು ಬೇಗ ಎದ್ದು ನಿಲ್ಲುತ್ತಾರೆ. ಇದು ಹುಟ್ಟುಗುಣವೇ? ಘಟನೆಯಾದ ತಕ್ಷಣ ಎಲ್ಲವನ್ನೂ ಹೇಳಿಸಿಬಿಟ್ಟರೆ ಒಳ್ಳೆಯದೆನ್ನುವುದು ಸರಿಯೇ?

ಉತ್ತರ: ಮೊದಲು ಪದದ ಮಾತು. ಹೀಗೆ ಎದ್ದು ನಿಲ್ಲುವುದನ್ನು ಇಂಗ್ಲಿಷಿನಲ್ಲಿ ‘ರೆಸಿಲಿಯನ್ಸ್’ ಎನ್ನುತ್ತಾರೆ, ಕನ್ನಡದಲ್ಲಿ ಅದಕ್ಕೆ ‘ಸ್ಥಿತಿಸ್ಥಾಪಕತ್ವ’ ಎಂದು ಬರೆಯುವುದುಂಟು. ಅದು ರಬ್ಬರಿಗೆ ಒಪ್ಪುವ ಮಾತು. ಎಳೆದು ಬಿಟ್ಟ ರಬ್ಬರು ಹಿಂದಿನ ಆಕಾರಕ್ಕೆ ಮರಳುತ್ತದೆ, ಮನುಷ್ಯ ಬದಲಾಗಿಯೇ ಮುಂದೆ ನಡೆಯುತ್ತಾನೆ. ‘ಚೇತರಿಕೆಯ ಬಲ’ ಎನ್ನುವುದೇ ವಾಸಿ.

ಇದನ್ನು ಹುಟ್ಟುಗುಣವೊಂದೇ ಎನ್ನಲಾಗದು. ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿ ಅಧ್ಯಯನ ಮಾಡಿದರು. ಬಡತನ, ಮನೆಯ ಕಲಹ, ಹೆತ್ತವರ ಕಾಯಿಲೆಯಂಥ ಹಲವು ಕಷ್ಟಗಳು ಒಟ್ಟಿಗೆ ಮುತ್ತಿದ್ದ ಮಕ್ಕಳಲ್ಲೂ ಸುಮಾರು ಮೂರನೇ ಒಂದರಷ್ಟು ಮಂದಿ ಸಮರ್ಥ, ಅಕ್ಕರೆಯುಳ್ಳ ವಯಸ್ಕರಾದರು. ಮಗುವಿನ ಸ್ವಭಾವಕ್ಕೂ ಅದರಲ್ಲಿ ಪಾಲಿತ್ತು. ಆದರೆ ಮತ್ತೆ ಮತ್ತೆ ಎದ್ದು ಕಂಡದ್ದು ಕೈಬಿಡದೆ ನಿಂತ ಒಬ್ಬ ಹಿರಿಯರ ಆಸರೆ. ಅವರು ತಂದೆ ತಾಯಿಯೇ ಆಗಿರಬೇಕೆಂದಿರಲಿಲ್ಲ, ಅಜ್ಜಿಯೋ ಶಿಕ್ಷಕರೋ ಆದರೂ ಆಗುತ್ತಿತ್ತು. ಇನ್ನು ಜಾರ್ಜ್ ಬೊನಾನ್ನೊ 2004ರ ಲೇಖನದಲ್ಲಿ ತೋರಿಸಿದಂತೆ, ಸಾವು ಅಥವಾ ಅವಘಡ ಕಂಡವರಲ್ಲಿ ಬಹಳಷ್ಟು ಮಂದಿ ನೋವಿನ ನಡುವೆಯೂ ದಿನದ ಕೆಲಸ ನಡೆಸಿಕೊಂಡು ಹೋಗುತ್ತಾರೆ. ಅಳದವರನ್ನು ‘ಒಳಗೊಳಗೇ ನುಂಗಿಕೊಂಡಿದ್ದಾರೆ’ ಎಂದು ಅನುಮಾನಿಸಬೇಕಿಲ್ಲ.

ತಕ್ಷಣ ಎಲ್ಲವನ್ನೂ ಹೇಳಿಸುವ ಕ್ರಮಕ್ಕೆ ‘ಡಿಬ್ರೀಫಿಂಗ್’ ಎನ್ನುತ್ತಾರೆ. ಒಂದೇ ಬೈಠಕ್ಕಿನ ಇಂಥ ಡಿಬ್ರೀಫಿಂಗ್ ಮುಂದಿನ ಆಘಾತೋತ್ತರ ಒತ್ತಡವನ್ನು ತಡೆಯುವುದಿಲ್ಲವೆಂದು ಅಧ್ಯಯನಗಳ ಒಟ್ಟು ಪರಿಶೀಲನೆಗಳು ಹೇಳುತ್ತವೆ. ಸುಟ್ಟಗಾಯವಾದವರ ಮೇಲೆ ನಡೆದ 1997ರ ಅಧ್ಯಯನವೊಂದರಲ್ಲಿ, 13 ತಿಂಗಳ ನಂತರ ಡಿಬ್ರೀಫಿಂಗ್ ಪಡೆದವರಲ್ಲಿ ಶೇ. 26 ಮಂದಿಗೆ ಆ ತೊಂದರೆಯಿತ್ತು, ಪಡೆಯದವರಲ್ಲಿ ಶೇ. 9. (ಪಡೆದವರ ಗಾಯಗಳು ಆರಂಭದಲ್ಲೇ ಹೆಚ್ಚು ತೀವ್ರವಾಗಿದ್ದವು, ಹಾಗಾಗಿ ಅಂತರದ ಪೂರ್ತಿ ಹೊಣೆ ಡಿಬ್ರೀಫಿಂಗಿನದಲ್ಲ.) ಮೊದಲ ದಿನಗಳಲ್ಲಿ ಬೇಕಾದದ್ದು ಸುರಕ್ಷಿತ ಜಾಗ, ನಿದ್ದೆ, ನಂಬುವಂಥ ಮಾಹಿತಿ, ಆಪ್ತರ ಸಂಪರ್ಕ. ಅವರೇ ಮಾತು ತೆಗೆದರೆ ಕೇಳಿಸಿಕೊಳ್ಳಿ, ನೀವಾಗಿ ಕೆದಕಬೇಡಿ. ಕೆಟ್ಟ ಕನಸು, ಬೆಚ್ಚಿಬೀಳುವುದು, ಆ ಜಾಗವನ್ನೇ ತಪ್ಪಿಸುವುದು ಒಂದು ತಿಂಗಳು ದಾಟಿಯೂ ನಿಲ್ಲದಿದ್ದರೆ ತಜ್ಞರನ್ನು ಕಾಣಬೇಕು. ಸಾಯುವ ಯೋಚನೆ ಬಂದರೆ ತಿಂಗಳಿರಲಿ, ಒಂದು ದಿನವೂ ಕಾಯಬಾರದು.

ಸ್ವಲ್ಪ ಕಾಲ ಕಳೆದ ಮೇಲೆ ಬರವಣಿಗೆಯನ್ನು ಪ್ರಯತ್ನಿಸಬಹುದು. ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಬಳಸಿದ ಅಳತೆ ದಿನಕ್ಕೆ 15 ನಿಮಿಷ, ಸತತ ನಾಲ್ಕು ದಿನ. ನಡೆದದ್ದನ್ನೂ ಆಗ ಅನಿಸಿದ್ದನ್ನೂ ಕೂಡಿಸಿ ಬರೆಯಬೇಕು, ಕಾಗುಣಿತದ ಚಿಂತೆ ಬೇಡ, ಯಾರಿಗೂ ತೋರಿಸಬೇಕಿಲ್ಲ. ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಗುವುದು ಸಹಜ. ಇದರ ಸರಾಸರಿ ಲಾಭ ಚಿಕ್ಕದು, ಪವಾಡ ನಿರೀಕ್ಷಿಸಬೇಡಿ. ಬರೆಯುತ್ತಾ ಹಿಡಿತ ತಪ್ಪುತ್ತಿದೆ ಎನಿಸಿದರೆ ವಿಷಯ ಬದಲಿಸಿ, ಇಲ್ಲವೇ ನಿಲ್ಲಿಸಿ.

ಪ್ರಶ್ನೆ: ರೋಗವಿದ್ದರೆ ಶೇ. 90ರಷ್ಟು ಸಲ ಪತ್ತೆಹಚ್ಚುವ ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ, ರೋಗವಿರುವ ಸಾಧ್ಯತೆ ಶೇ. 90 ತಾನೇ?

ಉತ್ತರ: ಅಲ್ಲ. ವೈದ್ಯರೂ ಎಡವುವ ಲೆಕ್ಕವಿದು. ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗರೆನ್ಸರ್ ಹೇಳಿಕೊಟ್ಟ ದಾರಿ ಸರಳ: ಶೇಕಡಾವಾರು ಬಿಟ್ಟು ತಲೆ ಎಣಿಸಿ.

1,000 ಜನರನ್ನು ತೆಗೆದುಕೊಳ್ಳಿ. 10 ಮಂದಿಗೆ ರೋಗವಿದೆ ಎಂದುಕೊಳ್ಳೋಣ. ಪರೀಕ್ಷೆ ಅವರಲ್ಲಿ 9 ಮಂದಿಯನ್ನು ಹಿಡಿಯುತ್ತದೆ. ಉಳಿದ 990 ಆರೋಗ್ಯವಂತರಲ್ಲಿ ಶೇ. 9 ಮಂದಿಗೆ ಸುಳ್ಳು ಪಾಸಿಟಿವ್ ಬಂದರೆ ಅದು 89 ಜನ. ಒಟ್ಟು ಪಾಸಿಟಿವ್ 98, ನಿಜವಾದ ರೋಗಿಗಳು 9. ಅಂದರೆ ಸಾಧ್ಯತೆ ಸುಮಾರು ಶೇ. 9. ಇದೇ ಪರೀಕ್ಷೆಯನ್ನು ರೋಗಲಕ್ಷಣವಿರುವ ಗುಂಪಿಗೆ, ಅಂದರೆ 1,000ದಲ್ಲಿ 100 ಮಂದಿಗೆ ರೋಗವಿರುವಲ್ಲಿ ಮಾಡಿದರೆ ನಿಜವಾದದ್ದು 90, ಸುಳ್ಳು 81. ಸಾಧ್ಯತೆ ಶೇ. 53ಕ್ಕೆ ಏರಿತು. ಪರೀಕ್ಷೆ ಅದೇ, ಬದಲಾದದ್ದು ಗುಂಪು. ಆದ್ದರಿಂದ ಫಲಿತಾಂಶ ಕೈಗೆ ಬಂದಾಗ ವೈದ್ಯರಲ್ಲಿ ಎರಡು ಪ್ರಶ್ನೆ ಕೇಳಿ: ನನ್ನಂಥ 1,000 ಜನರಲ್ಲಿ ಎಷ್ಟು ಮಂದಿಗೆ ಈ ರೋಗವಿರುತ್ತದೆ? ರೋಗವಿಲ್ಲದವರಲ್ಲಿ ಎಷ್ಟು ಮಂದಿಗೆ ಪಾಸಿಟಿವ್ ಬರುತ್ತದೆ? ಸಾಧ್ಯತೆ ಕಡಿಮೆ ಎಂದು ಗೊತ್ತಾದರೂ ಮುಂದಿನ ತಪಾಸಣೆ ತಪ್ಪಿಸಬೇಡಿ. ಆ 9 ಮಂದಿ ಯಾರೆಂದು ತಿಳಿಯುವುದು ಅದರಿಂದಲೇ.

ಪ್ರಶ್ನೆ: ‘ಒಳಮನಸ್ಸು ಹೇಳಿದಂತೆ ಮಾಡು’ ಎನ್ನುವವರೂ ಇದ್ದಾರೆ, ‘ಲೆಕ್ಕ ಹಾಕು’ ಎನ್ನುವವರೂ ಇದ್ದಾರೆ. ಯಾರ ಮಾತು ಕೇಳಬೇಕು?

ಉತ್ತರ: ಒಳಮನಸ್ಸಿನ ಮಾತನ್ನು, ಅಂದರೆ ಅಂತಃಪ್ರಜ್ಞೆಯನ್ನು ಶಂಕಿಸುತ್ತಿದ್ದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಅಗ್ನಿಶಾಮಕ ದಳದ ನಾಯಕರ ಅಂತಃಪ್ರಜ್ಞೆಯನ್ನು ಮೆಚ್ಚಿದ್ದ ಗ್ಯಾರಿ ಕ್ಲೈನ್ 2009ರಲ್ಲಿ ಒಟ್ಟಿಗೆ ಬರೆದ ಲೇಖನದಲ್ಲಿ, ಅದನ್ನು ನಂಬಬೇಕಾದರೆ ಎರಡು ಷರತ್ತುಗಳಿರಬೇಕೆಂದು ಒಪ್ಪಿದರು. ಆ ಕ್ಷೇತ್ರದಲ್ಲಿ ಹಿಡಿಯಬಹುದಾದ ಕ್ರಮವಿರಬೇಕು. ಅದನ್ನು ಕಲಿಯುವಷ್ಟು ಕಾಲ, ಸರಿ ತಪ್ಪು ತಿಳಿಯುವ ಅವಕಾಶದೊಂದಿಗೆ ದುಡಿದಿರಬೇಕು. ಚದುರಂಗಕ್ಕೆ ಎರಡೂ ಉಂಟು. ಷೇರುಗಳ ದೂರದ ಭವಿಷ್ಯ ಹೇಳುವುದಕ್ಕೆ ಮೊದಲನೆಯದೇ ಇಲ್ಲ. ಎಷ್ಟು ಖಚಿತವೆನಿಸುತ್ತದೆ ಎಂಬುದು ಇಲ್ಲಿ ಅಳತೆಗೋಲೇ ಅಲ್ಲ.

ನಿಮ್ಮ ಅಂದಾಜಿನ ಅಳತೆ ಬೇಕಿದ್ದರೆ ನೋಟ್‌ಬುಕ್ ಇಡಿ. ದಿನಾಂಕ, ಏನಾಗುತ್ತದೆಂಬ ಅಂದಾಜು, ಶೇಕಡಾ ಎಷ್ಟು ಖಚಿತ, ಯಾವ ದಿನ ಗೊತ್ತಾಗುತ್ತದೆ: ನಾಲ್ಕು ಕಾಲಂ ಸಾಕು. ‘ಕೆಲಸ ಚೆನ್ನಾಗಿ ನಡೆಯುತ್ತದೆ’ ಎಂದು ಬರೆದರೆ ಆಮೇಲೆ ಹೇಗೂ ತಿರುಗಿಸಿಕೊಳ್ಳಬಹುದು. ‘30ನೇ ತಾರೀಖಿನೊಳಗೆ ವರದಿ ಕೈಸೇರುತ್ತದೆ, ಶೇ. 80’ ಎಂದು ಬರೆಯಿರಿ. ಹವಾಮಾನ ತಜ್ಞ ಗ್ಲೆನ್ ಬ್ರಯರ್ 1950ರಲ್ಲಿ ಕೊಟ್ಟ ಅಂಕವನ್ನು ಹೀಗೆ ಬಳಸಬಹುದು: ಶೇ. 80 ಎಂದದ್ದು ನಿಜವಾದರೆ, 1ರಲ್ಲಿ 0.8 ಕಳೆದು ಉಳಿದ 0.2ರ ವರ್ಗ, ಅಂದರೆ 0.04. ಸುಳ್ಳಾದರೆ 0.8ರ ವರ್ಗ, 0.64. ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ಮೂವತ್ತು ಅಂದಾಜುಗಳ ಸರಾಸರಿ 0.25ಕ್ಕಿಂತ ಹೆಚ್ಚಿದ್ದರೆ, ಎಲ್ಲಕ್ಕೂ ಕಣ್ಣುಮುಚ್ಚಿ ಶೇ. 50 ಎಂದವರೇ ನಿಮಗಿಂತ ಮೇಲು.

ತಂಡದ ತೀರ್ಮಾನವಾದರೆ ಕ್ಲೈನ್ ಅವರ ‘ಪ್ರಿಮಾರ್ಟಮ್’ ಮಾಡಿ, ಅಂದರೆ ಸಾಯುವ ಮೊದಲೇ ಯೋಜನೆಯ ಮರಣೋತ್ತರ ಪರೀಕ್ಷೆ. ಯೋಜನೆ ಸಿದ್ಧವಾಗಿ, ಹಣ ಕೈಬಿಡುವ ಮುನ್ನ ಇದರ ಸಮಯ. ‘ವರ್ಷ ಕಳೆದಿದೆ, ಯೋಜನೆ ಪೂರ್ತಿ ಮಣ್ಣುಪಾಲಾಗಿದೆ. ಏಕೆ?’ ಎಂದು ಕೇಳಿ. ‘ಏನಾದರೂ ತೊಂದರೆಯಾದೀತೇ?’ ಎಂದು ಕೇಳಿದರೆ ಎಲ್ಲರೂ ತಲೆ ಅಲ್ಲಾಡಿಸಿ ಏಳುತ್ತಾರೆ. ಮೂರು ನಿಮಿಷ ಎಲ್ಲರೂ ಮಾತಿಲ್ಲದೆ ಕಾರಣ ಬರೆಯಲಿ. ಆಮೇಲೆ ಸರದಿಯಂತೆ ಒಬ್ಬೊಬ್ಬರು ಒಂದೊಂದನ್ನೇ ಓದಲಿ, ಎಲ್ಲರ ಪಟ್ಟಿ ಮುಗಿಯುವವರೆಗೆ ಸುತ್ತು ನಡೆಯಲಿ. ತಂಡದಲ್ಲಿ ಎಲ್ಲರಿಗಿಂತ ಕಿರಿಯರು ಮೊದಲು ಓದಬೇಕು. ಹಿರಿಯರು ಬಾಯಿ ತೆರೆದ ಮೇಲೆ ಉಳಿದವರ ಹಾಳೆಯಲ್ಲಿರುವುದು ಹಾಳೆಯಲ್ಲೇ ಉಳಿಯುತ್ತದೆ.