ಮುಂಬಾಗಿಲಿಗೆ ಕೃತಕ ಹೂವಿನ ರಿಂಗ್: ಅಂಟಿಸಬೇಡಿ, ಕಟ್ಟಿ

ನೀವು ಕೇಳಿದ್ದು ಎರಡು ವಿಷಯ. ಥರ್ಮೋಕೋಲ್ ರಿಂಗಿಗೆ ಗ್ಲೂ ಗನ್ನಿನಿಂದ ಅಂಟಿಸಿದ ಹೂಗಳು ತಿಂಗಳೊಳಗೆ ಏಕೆ ಉದುರಿದವು? ಬಾಗಿಲಿಗೆ ಹಾಕಲು ಗಟ್ಟಿಯಾದದ್ದನ್ನು ಮನೆಯಲ್ಲೇ ಮಾಡುವುದು ಹೇಗೆ? ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಎರಡನೆಯದು ಅರ್ಧ ಮುಗಿದ ಹಾಗೆ.

ಈ ಹೂಗಳ ಎಸಳು ಹೆಚ್ಚಾಗಿ ಪಾಲಿಯೆಸ್ಟರ್ ಬಟ್ಟೆ, ತೊಟ್ಟು ಮತ್ತು ಕಡ್ಡಿ ಪಾಲಿಥೀನ್. ನುಣುಪಾದ ಪಾಲಿಥೀನನ್ನು ಬಿಸಿ ಗ್ಲೂ ಸರಿಯಾಗಿ ಕಚ್ಚುವುದಿಲ್ಲ, ಮೇಲೆ ಕೂತು ತಣಿಯುತ್ತದೆ ಅಷ್ಟೆ. ಸ್ವಲ್ಪ ಎಳೆದರೆ ಇಡಿಯಾಗಿ ಎದ್ದು ಬರುತ್ತದೆ. ಪಶ್ಚಿಮಕ್ಕಿರುವ ಬಾಗಿಲಾದರೆ ಮಧ್ಯಾಹ್ನದ ಬಿಸಿಲಿಗೆ ಗ್ಲೂ ಮೆದುವಾಗಿ ಹೂವಿನ ಭಾರಕ್ಕೆ ಜಾರುತ್ತದೆ. ಜೊತೆಗೆ ಗನ್ ತುಂಬಾ ಕಾದಿದ್ದರೆ ಥರ್ಮೋಕೋಲ್ ಕರಗಿ ಗುಂಡಿ ಬೀಳುತ್ತದೆ. ಹೂವಿನ ಬೆನ್ನಿಗೆ ಬಿಳಿ ಪುಡಿ ಅಂಟಿಕೊಂಡೇ ಉದುರಿದ್ದರೆ ನಿಮ್ಮಲ್ಲೂ ಅದೇ ಆಗಿದೆ. ಹಾಗಾಗಿ ಭಾರ ಹೊರುವ ಕೆಲಸವೆಲ್ಲ ತಂತಿಗೆ ಬಿಡಿ, ಗ್ಲೂ ಬರೀ ಸಹಾಯಕ್ಕಿರಲಿ.

ಮೂರು, ಮೂರೂವರೆ ಅಡಿ ಅಗಲದ ಬಾಗಿಲಿಗೆ 12 ಇಂಚಿನ ರಿಂಗ್ ಸಾಕು. ಎಲೆಗಳು ಎರಡೂ ಕಡೆ ಎರಡೆರಡು ಇಂಚು ಚಾಚಿಕೊಂಡು ಒಟ್ಟು 16 ಇಂಚಾಗುತ್ತದೆ. ಬೆತ್ತ ಅಥವಾ ಒಣಬಳ್ಳಿಯ ರಿಂಗ್ ಸಿಕ್ಕರೆ ಅದೇ ಮೇಲು, ಸಂದುಗಳಲ್ಲಿ ಕಡ್ಡಿ ತೂರಿಸಬಹುದು. ಇಲ್ಲದಿದ್ದರೆ ದಪ್ಪ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿಯನ್ನು ಎರಡು ಸುತ್ತು ಬಳಸಿ ದುಂಡಗೆ ಮಾಡಿಕೊಳ್ಳಿ. ಬೋಳು ಲೋಹದ ಮೇಲೆ ಕಡ್ಡಿ ಜಾರುತ್ತದೆ, ಗ್ಲೂ ಹಿಡಿಯುವ ಮೊದಲೇ ತಣಿಯುತ್ತದೆ. ಅದಕ್ಕೇ ಮೊದಲು ಸೆಣಬಿನ ಹುರಿಯನ್ನು ಬಿಗಿಯಾಗಿ, ಒತ್ತೊತ್ತಾಗಿ ಸುತ್ತಿ. ಈ ಹೆಜ್ಜೆಯನ್ನು ಬಿಟ್ಟರೆ ಇಡೀ ಹೂವಿನ ಸಾಲು ಒಂದು ಕಡೆಗೆ ವಾಲುತ್ತದೆ.

ಇನ್ನು ಎಷ್ಟು ಕೊಳ್ಳಬೇಕು ಎಂಬ ಲೆಕ್ಕ. 12 ಇಂಚಿನ ರಿಂಗಿನ ಸುತ್ತಳತೆ ಸುಮಾರು 38 ಇಂಚು. ಮೂರು ಇಂಚಿಗೊಂದು ಎಲೆ ಕುಚ್ಚು ಎಂದರೆ 13 ಕುಚ್ಚು. ಕುಚ್ಚಿಗೆ ಎರಡು ಮೂರು ಎಲೆಕಡ್ಡಿ ಬೇಕು. ಅಂಗಡಿಯ ಒಂದು ಗೊಂಚಲಿನಲ್ಲಿ ಐದಾರು ಕಡ್ಡಿ ಇದ್ದರೆ ಆರು ಗೊಂಚಲು ತನ್ನಿ. ಹೂವು ಇದಕ್ಕಿಂತ ಕಡಿಮೆ ಸಾಕು: ಮೂರು ನಾಲ್ಕು ಇಂಚಿನ ದೊಡ್ಡವು 5, ಅದರರ್ಧ ಗಾತ್ರದವು 9, ಸಣ್ಣ ಮೊಗ್ಗು, ಹಣ್ಣಿನ ಎಳೆಗಳು ಹತ್ತು ಹನ್ನೆರಡು. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡಿ, ಹೂವಿಗೆ ದುಡ್ಡು ಸುರಿದು ಎಲೆಗೆ ಜಿಪುಣತನ ಮಾಡುತ್ತಾರೆ. ಆಗ ರಿಂಗ್ ಇಣುಕುತ್ತದೆ. ಬೆಂಗಳೂರಿನಲ್ಲಿದ್ದರೆ ಮಾಮೂಲ್‌ಪೇಟೆ, ಚಿಕ್ಕಪೇಟೆ ಕಡೆ ಒಂದು ಸುತ್ತು ಹಾಕಿ, ಕೈಯಲ್ಲಿ ಹಿಡಿದು ನೋಡಿ ಆರಿಸಿ. ಎಲೆಯ ಅಂಚಿನಲ್ಲಿ ಅಚ್ಚಿನ ಪ್ಲಾಸ್ಟಿಕ್ ಉಳಿದು ಹೊಳೆಯುತ್ತಿದ್ದರೆ ಬಿಡಿ, ದೂರದಿಂದಲೂ ಅದು ನಕಲಿ ಎಂದು ಹೇಳಿಬಿಡುತ್ತದೆ.

ಕಟ್ಟುವ ಮೊದಲು ಪ್ರತಿಯೊಂದು ಹೂವನ್ನೂ ಮೆಲ್ಲಗೆ ಎಳೆದು ನೋಡಿ. ಕಡಿಮೆ ಬೆಲೆಯ ಹೂವಿನ ತಲೆಯನ್ನು ಕಡ್ಡಿ ತುದಿಯ ಸಣ್ಣ ಗೂಟಕ್ಕೆ ಸುಮ್ಮನೆ ಸಿಕ್ಕಿಸಿರುತ್ತಾರೆ. ಕೈಗೆ ಬಂದರೆ ಗೂಟದ ಬುಡಕ್ಕೆ ಒಂದು ಹನಿ ಗ್ಲೂ ಬಿಟ್ಟು, ಎಸಳಿನ ಪದರಗಳನ್ನು ಒಂದರ ಮೇಲೊಂದು ಒತ್ತಿ ಹತ್ತು ಸೆಕೆಂಡ್ ಹಿಡಿಯಿರಿ. ಇಲ್ಲಿ ಗೂಟವು ಎಸಳಿನ ತೂತಿನೊಳಗೆ ಸಿಕ್ಕಿಕೊಂಡಿರುವುದರಿಂದ ಗ್ಲೂ ಕೆಲಸಕ್ಕೆ ಬರುತ್ತದೆ. ಕಡ್ಡಿಗಳನ್ನು ಎರಡೂವರೆ ಇಂಚು ಬಿಟ್ಟು ಕಟಿಂಗ್ ಪ್ಲೇಯರ್‌ನಲ್ಲಿ ಕತ್ತರಿಸಿ. ಒಳಗೆ ತಂತಿ ಇರುತ್ತದೆ, ಕತ್ತರಿ ಹಾಕಿದರೆ ಅದರ ಬಾಯಿ ಹಾಳು.

ಈಗ 24 ಗೇಜಿನ ತೆಳ್ಳನೆಯ ಮೆದು ತಂತಿ ಐದಾರು ಮೀಟರ್ ತೆಗೆದುಕೊಂಡು ಒಂದು ತುದಿಯನ್ನು ರಿಂಗಿಗೆ ಬಿಗಿಯಿರಿ. ಮೊದಲ ಕುಚ್ಚನ್ನಿಟ್ಟು ಕಡ್ಡಿಯ ಮೇಲೆ ಮೂರು ಸುತ್ತು ಸುತ್ತಿ. ತಂತಿ ಕತ್ತರಿಸಬೇಡಿ. ಎರಡನೆಯ ಕುಚ್ಚಿನ ಎಲೆಗಳು ಮೊದಲನೆಯದರ ಕಡ್ಡಿಯನ್ನು ಮುಚ್ಚುವಂತೆ ಇಟ್ಟು ಮತ್ತೆ ಮೂರು ಸುತ್ತು. ಒಂದು ಕುಚ್ಚು ಒಳಗಂಚಿಗೆ, ಒಂದು ಮಧ್ಯಕ್ಕೆ, ಒಂದು ಹೊರಗಂಚಿಗೆ ವಾಲಲಿ, ಆದರೆ ಎಲ್ಲದರ ತುದಿಯೂ ಒಂದೇ ದಿಕ್ಕಿಗಿರಬೇಕು. ಕೊನೆಯ ಕುಚ್ಚಿಗೆ ಬಂದಾಗ ಮೊದಲನೆಯದರ ಎಲೆಗಳನ್ನು ಎತ್ತಿ, ಇದರ ಕಡ್ಡಿಯನ್ನು ಅದರಡಿಗೆ ತೂರಿಸಿ ಕಟ್ಟಿ. ಇಲ್ಲಿ ಅವಸರ ಮಾಡಿದರೆ ಬೋಳು ಜಾಗವೊಂದು ಉಳಿದು, ಎಷ್ಟು ಹೂವಿಟ್ಟರೂ ಕಣ್ಣಿಗೆ ಹೊಡೆಯುತ್ತದೆ.

ಹೂಗಳನ್ನು ಮೊದಲು ಸುಮ್ಮನೆ ಮೇಲಿಟ್ಟು ದೂರದಿಂದ ನೋಡಿ. ಐದು ದೊಡ್ಡ ಹೂವನ್ನು ಸಮ ಅಂತರದಲ್ಲಿ ಹಂಚಿದರೆ ಗಡಿಯಾರದ ಅಂಕಿಗಳಂತೆ ಕಾಣುತ್ತದೆ. ಮೂರನ್ನು ಕೆಳಗೆ ಎಡಕ್ಕೆ ಒಟ್ಟಾಗಿಟ್ಟು, ಎರಡನ್ನು ಅದರ ಎದುರು ಮೇಲಕ್ಕೆ ಇಡುವುದು ನನಗೆ ಇಷ್ಟ. ಎಲ್ಲ ಹೂವೂ ನೇರ ಮುಂದಕ್ಕೆ ನೋಡದಿರಲಿ, ಕೆಲವು ಪಕ್ಕಕ್ಕೆ ತಿರುಗಲಿ. ಜಾಗ ಖಚಿತವಾದ ಮೇಲೆ ಕಡ್ಡಿಯನ್ನು ಎಲೆಗಳ ನಡುವೆ ತೂರಿಸಿ, ಹಿಂದೆ ತಂತಿಯಿಂದ ಬಿಗಿದು, ಅಲುಗುವಲ್ಲಿ ಮಾತ್ರ ಗ್ಲೂ ಹನಿಸಿ. ತಂತಿಯ ತುದಿಗಳನ್ನು ಮಡಚಿ ಹಸಿರು ಫ್ಲೋರಲ್ ಟೇಪ್ ಸುತ್ತಿ, ಇಲ್ಲದಿದ್ದರೆ ಬಾಗಿಲಿನ ಪಾಲಿಶ್ ಗೀಚುತ್ತದೆ. ಆ ಟೇಪು ಎಳೆದು ಹಿಗ್ಗಿಸಿದಾಗ ಮಾತ್ರ ಅಂಟುತ್ತದೆ. ತಂತಿಯಲ್ಲಿ ಕಟ್ಟಿದ್ದರ ಇನ್ನೊಂದು ಅನುಕೂಲ, ಯುಗಾದಿಗೋ ದೀಪಾವಳಿಗೋ ಎಲೆಗಳನ್ನು ಹಾಗೇ ಬಿಟ್ಟು ಹೂವು ಮಾತ್ರ ಬಿಚ್ಚಿ ಚೆಂಡುಹೂವು ಕಟ್ಟಬಹುದು.

ತೂಗುಹಾಕುವಾಗ ಒಂದೇ ಕುಣಿಕೆ ಇದ್ದರೆ ಭಾರದ ಕಡೆ ಕೆಳಗಿಳಿದು ರಿಂಗ್ ತಿರುಗಿಬಿಡುತ್ತದೆ. ಮೇಲೆ ಎಡಕ್ಕೊಂದು ಬಲಕ್ಕೊಂದು ಕುಣಿಕೆ ಹಾಕಿ. ಬಾಗಿಲ ಕಿಂಡಿ ರಿಂಗಿನ ನಡುವಿನ ಖಾಲಿ ಜಾಗದಲ್ಲಿ ಬರುವ ಹಾಗೆ ಎತ್ತರ ನೋಡಿಕೊಳ್ಳಿ. ಹೊರಗೆ ಸೇಫ್ಟಿ ಡೋರ್ ಇದ್ದರೆ ನಡುವಿನ ಅಂತರ ಅಳೆಯಿರಿ: ನಾಲ್ಕು ಇಂಚಿಗಿಂತ ಕಡಿಮೆಯಿದ್ದರೆ ಹೂವು ಜಜ್ಜಿಹೋಗುತ್ತದೆ, ಸೇಫ್ಟಿ ಡೋರಿನ ಹೊರಮುಖಕ್ಕೇ ಕೇಬಲ್ ಟೈನಿಂದ ಕಟ್ಟುವುದು ಒಳ್ಳೆಯದು. ಹೊಸ್ತಿಲ ದೀಪ, ಊದುಬತ್ತಿಯಿಂದ ಇದನ್ನು ಖಂಡಿತ ದೂರವಿಡಿ. ಪಾಲಿಯೆಸ್ಟರ್ ಕರಗಿ ತೊಟ್ಟಿಕ್ಕುತ್ತಾ ಉರಿಯುತ್ತದೆ.

ಬಿಸಿಲು ಬೀಳುವ ಜಾಗದಲ್ಲಿ ಕೆಂಪು, ಗುಲಾಬಿ, ನೇರಳೆ ಬೇಗ ಮಾಸುತ್ತವೆ. ಬಿಸಿಲಿನ ಯುವಿ (ನೇರಳಾತೀತ) ಕಿರಣ ತಡೆಯುವ ಅಕ್ರಿಲಿಕ್ ಸ್ಪ್ರೇಯನ್ನು ಒಂದಡಿ ದೂರದಿಂದ ಎರಡು ತೆಳು ಪದರ ಹೊಡೆದರೆ ಮಾಸುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಉಳಿದ ಥರ್ಮೋಕೋಲ್ ರಿಂಗಿನ ಮೇಲೆ ಮಾತ್ರ ಹೊಡೆಯಬೇಡಿ, ಸ್ಪ್ರೇಯಲ್ಲಿನ ದ್ರಾವಕ ಅದನ್ನು ತಿಂದುಹಾಕುತ್ತದೆ. ಧೂಳಿಗೆ ಹೇರ್ ಡ್ರೈಯರ್‌ನ ತಣ್ಣನೆಯ ಗಾಳಿ ಸಾಕು.