‘ಇರಲಿ’ ಅಂತ ಹಾಕಿಕೊಂಡಿದ್ದೇ ಭಾರ

ಮಳೆ ಹಿಂದೆ ಸರಿದು ಚಾರಣದ ಕಾಲ ಶುರುವಾಗುತ್ತಿದೆ. ಈ ಸಲ ಬಂದ ಪತ್ರಗಳಲ್ಲಿ ಬೆನ್ನಿನ ಚೀಲದ ತೂಕದ ಬಗ್ಗೆ ಕೇಳಿದವರೇ ಜಾಸ್ತಿ. ನಾಲ್ಕು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಮೊದಲನೆಯದಕ್ಕೆ ಉದ್ದವಾಗಿಯೇ ಬರೆದಿದ್ದೇನೆ, ಯಾಕೆಂದರೆ ಉಳಿದ ಎಷ್ಟೋ ಜನರ ಪ್ರಶ್ನೆಯೂ ಅದರೊಳಗೇ ಇದೆ.

ಪ್ರಶ್ನೆ: ಮೇಡಂ, ನವೆಂಬರಿನಲ್ಲಿ ನಾವು ನಾಲ್ವರು ಗೆಳೆಯರು ಡಾರ್ಜಿಲಿಂಗ್ ಕಡೆಯ ಸಂದಕ್‌ಫು ಚಾರಣಕ್ಕೆ ಹೊರಟಿದ್ದೇವೆ. ಬ್ಯಾಗ್ ತುಂಬಿ ತೂಗಿದೆ, ನೀರು ಬಿಟ್ಟೇ 16 ಕಿಲೊ 660 ಗ್ರಾಂ ಬಂತು. ಬ್ಯಾಗ್ 2,300, ಟೆಂಟ್ 3,000, ಸ್ಲೀಪಿಂಗ್ ಬ್ಯಾಗ್ 1,900, ಎರಡು ಜೀನ್ಸ್ 1,300, ಜಾಕೆಟ್ 1,100, ಉಣ್ಣೆ ಸ್ವೆಟರ್ 900, ಆರು ಟೀ ಶರ್ಟ್ 1,080, ಒಳಉಡುಪು ಸಾಕ್ಸ್ 500, ಟರ್ಕಿ ಟವೆಲ್ 450, ಎರಡು ಸ್ಟೀಲ್ ಬಾಟಲಿ 800, ಪವರ್ ಬ್ಯಾಂಕ್ 430, ಸೋಪು ಶಾಂಪೂ ಚೀಲ 900, ಕುರುಕಲು ತಿಂಡಿ 2,000. ಹೋದ ವರ್ಷ ಕುಮಾರಪರ್ವತ ಇಳಿಯುವಾಗಲೇ ನನ್ನ ಮಂಡಿ ಹಿಡಿದುಕೊಂಡಿತ್ತು. ಅಲ್ಟ್ರಾಲೈಟ್ (ತೀರಾ ಹಗುರ) ಸಾಮಾನಿಗೆ ಲಕ್ಷದ ಹತ್ತಿರ ಬೇಕು ಅಂತಾರೆ. ಅಷ್ಟು ದುಡ್ಡಿಲ್ಲ. ಏನು ಮಾಡಲಿ? – ಓದುಗರು, ದಾವಣಗೆರೆ

ಉತ್ತರ: ನಿಮ್ಮ ಪತ್ರ ನೋಡಿ ಖುಷಿಯಾಯಿತು, ಯಾಕೆಂದರೆ ಅರ್ಧ ಕೆಲಸ ನೀವೇ ಮುಗಿಸಿದ್ದೀರಿ. ಒಂದೊಂದನ್ನೂ ತೂಗಿ ಬರೆದಿದ್ದೀರಿ. ಬಹಳ ಜನ ಈ ಕೆಲಸ ಬಿಟ್ಟು ನೇರ ಅಂಗಡಿಗೆ ಹೋಗುತ್ತಾರೆ. ಇನ್ನೂರು ಗ್ರಾಂ ಉಳಿಸಲು ಎಂಟು ಸಾವಿರ ಕೊಡುತ್ತಾರೆ, ಚೀಲದ ತಳದಲ್ಲಿ ಎರಡು ಕಿಲೊ ಚಕ್ಕುಲಿ ಹಾಗೇ ಕೂತಿರುತ್ತದೆ.

ಈಗ ನಿಮ್ಮ ಪಟ್ಟಿಯನ್ನೇ ಮುಂದಿಟ್ಟುಕೊಂಡು ಪ್ರತಿಯೊಂದು ಸಾಮಾನಿನ ಎದುರು ‘ಬೇಕೇ ಬೇಕು’ ಅಥವಾ ‘ಇರಲಿ’ ಅಂತ ಬರೆಯಿರಿ. ನಮ್ಮ ಕಡೆ ಊರಿಗೆ ಹೊರಡುವಾಗ ಮನೆಯವರೆಲ್ಲ ಸೇರಿ ‘ಇದೂ ಇರಲಿ, ಅದೂ ಇರಲಿ’ ಅಂತ ತುಂಬಿಸುತ್ತಾರಲ್ಲ, ಬಸ್ಸಿನ ಪ್ರಯಾಣಕ್ಕೆ ಅದು ನಡೆಯುತ್ತದೆ, ಹೊತ್ತು ಏರುವ ಬೆಟ್ಟಕ್ಕೆ ನಡೆಯೋದಿಲ್ಲ.

ಟೆಂಟ್‌ನಿಂದ ಶುರು ಮಾಡೋಣ. ಸಂದಕ್‌ಫು ದಾರಿಯಲ್ಲಿ ಟೆಂಟ್ ಬೇಕಾಗಿಲ್ಲ. ಮಾನೆಭಂಜನ್‌ನಿಂದ ಹೊರಟರೆ ಟುಮ್ಲಿಂಗ್, ಕಾಲಿಪೋಖ್ರಿ, ಸಂದಕ್‌ಫು, ಎಲ್ಲ ಕಡೆ ತಂಗುವ ಮನೆಗಳಿವೆ, ಬಿಸಿ ಊಟ ಸಿಗುತ್ತದೆ, ದಪ್ಪ ರಜಾಯಿ ಕೊಡುತ್ತಾರೆ. ಹಾಗಾಗಿ ಟೆಂಟೂ ಬೇಡ, ಸ್ಲೀಪಿಂಗ್ ಬ್ಯಾಗೂ ಬೇಡ. ಆದರೆ ನವೆಂಬರಿನಲ್ಲಿ 3,636 ಮೀಟರ್ ಎತ್ತರದ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ, ಆದ್ದರಿಂದ ಜಾಗ ಕಾದಿರಿಸುವಾಗಲೇ ಒಬ್ಬೊಬ್ಬರಿಗೆ ಎರಡೆರಡು ರಜಾಯಿ ಸಿಗುತ್ತದಾ ಅಂತ ಕೇಳಿ ಖಚಿತ ಮಾಡಿಕೊಳ್ಳಿ. ರಜಾಯಿ ಒಳಗೆ ಮಲಗಲು ಒಂದು ತೆಳು ಚೀಲ ಇದ್ದರೆ ಶುಚಿಯೂ ಆಯಿತು, ಸ್ವಲ್ಪ ಬಿಸಿಯೂ ಆಯಿತು. ಇದನ್ನು ಕೊಳ್ಳಬೇಡಿ. ಮನೆಯಲ್ಲಿ ಜರಿ ಇಲ್ಲದ ಹಳೆ ತೆಳು ರೇಷ್ಮೆ ಸೀರೆ ಇದ್ದರೆ, ಅಮ್ಮನ ಒಪ್ಪಿಗೆ ತಗೊಂಡು, ನಾಲ್ಕೂವರೆ ಮೀಟರಿನಷ್ಟು ಕತ್ತರಿಸಿ ಮಧ್ಯಕ್ಕೆ ಮಡಚಿ ಎರಡು ಬದಿ ಹೊಲಿಸಿ. ಸುಮಾರು 250 ಗ್ರಾಂ ಬರುತ್ತದೆ. ನನ್ನದು ಹೀಗೇ ಹೊಲಿಸಿದ್ದು, ಎಷ್ಟೋ ವರ್ಷದಿಂದ ಜೊತೆಗಿದೆ. ಇಷ್ಟರಲ್ಲೇ ನಿಮ್ಮ ಚೀಲ 12 ಕಿಲೊಗೆ ಇಳಿಯಿತು, ಇನ್ನೂ ಒಂದು ರೂಪಾಯಿ ಖರ್ಚಾಗಿಲ್ಲ.

ಇನ್ನು ಬಟ್ಟೆ. ಜೀನ್ಸ್ ಬೇಡವೇ ಬೇಡ. ಒಣಗಿದ್ದಾಗಲೇ 650 ಗ್ರಾಂ ಇದೆ, ನೆನೆದರೆ ಕಾಲಿಗೆ ಕಲ್ಲು ಕಟ್ಟಿದ ಹಾಗೆ, ಆ ಚಳಿಯಲ್ಲಿ ಎರಡು ದಿನವಾದರೂ ಒಣಗೋದಿಲ್ಲ. ಬೇಗ ಒಣಗುವ ಟ್ರ್ಯಾಕ್ ಪ್ಯಾಂಟ್ ಒಂದು ಮೈಮೇಲೆ, ಒಂದು ಚೀಲದಲ್ಲಿ. ಆರು ಟೀ ಶರ್ಟ್ ಬದಲು ಪಾಲಿಯೆಸ್ಟರಿನ ಎರಡು ಸಾಕು, ಕ್ರಿಕೆಟ್ ಆಡಲು ಹಾಕುತ್ತೀರಲ್ಲ, ಅಂಥವೇ. ಬೆವರಿದರೆ ಸಂಜೆ ಹಿಂಡಿ ಹಾಕಿ. ಉಣ್ಣೆ ಸ್ವೆಟರಿನ ಜಾಗಕ್ಕೆ 300 ಗ್ರಾಂನ ಫ್ಲೀಸ್ (ಕೃತಕ ನೂಲಿನ ಮೆತ್ತನೆಯ ಬೆಚ್ಚನೆ ಅಂಗಿ) ಒಂದು ಕೊಳ್ಳಿ, ಖರ್ಚು ಮಾಡಬೇಕಾದ ಮೊದಲ ಸಾಮಾನು ಇದು. ಜಾಕೆಟ್ ಸದ್ಯಕ್ಕೆ ಇರುವುದೇ ಇರಲಿ. ಮುಂದೆ ಕೈಯಲ್ಲಿ ದುಡ್ಡಿದ್ದಾಗ ಡೌನ್ ಜಾಕೆಟ್ ನೋಡಿ. ಬಾತುಕೋಳಿ ಅಥವಾ ಹೆಬ್ಬಾತಿನ ಎದೆಯ ತುಪ್ಪಳ ತುಂಬಿದ್ದು ಅದು. ಗಾಳಿಯನ್ನು ಹಿಡಿದಿಟ್ಟುಕೊಂಡು ಮೈ ಬೆಚ್ಚಗಿಡುತ್ತದೆ. ಲೇಬಲ್ ಮೇಲೆ 600, 800 ಅಂತ ಇರುವ ಸಂಖ್ಯೆ ಜಾಸ್ತಿಯಾದಷ್ಟೂ ಅಷ್ಟೇ ಬಿಸಿಗೆ ಕಡಿಮೆ ತೂಕ. ಒದ್ದೆಯಾದರೆ ಮಾತ್ರ ಉಂಡೆಗಟ್ಟಿ ಕೆಲಸಕ್ಕೆ ಬಾರದಂತಾಗುತ್ತದೆ, ಇದನ್ನು ಮರೆಯಬೇಡಿ.

ಸಣ್ಣಪುಟ್ಟವು ಅಂದುಕೊಂಡ ಸಾಮಾನು ಸೇರಿಸಿದರೆ ಎರಡೂವರೆ ಕಿಲೊ ಮೀರುತ್ತದೆ! ಟರ್ಕಿ ಟವೆಲ್ ಬಿಟ್ಟು ತೆಳು ಬೈರಾಸ ತಗೊಳ್ಳಿ, ನೂರು ಗ್ರಾಂ ಚಿಲ್ಲರೆ. ಕರಾವಳಿಯವರು ಹೆಗಲ ಮೇಲೆ ಹಾಕುವ ಈ ಬಟ್ಟೆ ಮೈ ಒರೆಸಲು, ತಲೆಗೆ ಸುತ್ತಲು, ಬಿಸಿ ಪಾತ್ರೆ ಹಿಡಿಯಲು, ಎಲ್ಲಕ್ಕೂ ಆಗುತ್ತದೆ, ಅರ್ಧ ಗಂಟೆ ಬಿಸಿಲಿಗೆ ಒಣಗುತ್ತದೆ. ಸ್ಟೀಲ್ ಬಾಟಲಿ ಒಂದು ಸಾಕು. ಅದು ಒಂದೇ ಪದರದ್ದಾಗಿದ್ದರೆ ರಾತ್ರಿ ಬಿಸಿನೀರು ತುಂಬಿಸಿ ಸಾಕ್ಸ್ ಒಳಗೆ ತೂರಿಸಿ ಪಾದದ ಹತ್ತಿರ ಇಟ್ಟುಕೊಳ್ಳಬಹುದು. ಇನ್ನೊಂದು 30 ಗ್ರಾಂನ ಸಾದಾ ಪ್ಲಾಸ್ಟಿಕ್ ಬಾಟಲಿ ಇರಲಿ, ಅದನ್ನು ಅಲ್ಲಿ ಬಿಸಾಡದೆ ವಾಪಸ್ ತನ್ನಿ. ಒಂದು ಲೀಟರ್ ನೀರು ಅಂದರೆ ಒಂದು ಕಿಲೊ, ಇದಕ್ಕೆ ಅಲ್ಟ್ರಾಲೈಟ್ ಅಂತ ಏನೂ ಇಲ್ಲ, ಹಾಗಂತ ನೀರಿನಲ್ಲಿ ಉಳಿತಾಯ ಮಾಡಬೇಡಿ. ಪವರ್ ಬ್ಯಾಂಕ್ ನಾಲ್ವರಲ್ಲಿ ಇಬ್ಬರ ಹತ್ತಿರ 10,000 ಎಂಎಎಚ್‌ನದು ಇದ್ದರೆ ಸಾಕು (ವಿಮಾನದಲ್ಲಿ ಹೋಗುವುದಾದರೆ ಕೈಚೀಲದಲ್ಲೇ ಇರಬೇಕು). ಸೋಪು ಶಾಂಪೂ ಎಲ್ಲ ಸೇರಿ 250 ಗ್ರಾಂ ದಾಟಬಾರದು. ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ಮುಲಾಮು ನಾಲ್ವರಿಗೂ ಸೇರಿ ಒಂದೇ ಸೆಟ್ ಸಾಕಲ್ವಾ?

ತಿಂಡಿ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ, ನನಗೆ ಇದು ಬಹಳ ಇಷ್ಟದ ಭಾಗ. ತಿನ್ನುವ ವಸ್ತುವನ್ನು ನೂರು ಗ್ರಾಂಗೆ ಎಷ್ಟು ಕ್ಯಾಲೊರಿ ಅಂತ ನೋಡಬೇಕು. ಬಾಳೆಹಣ್ಣಿನಲ್ಲಿ 90ರ ಆಸುಪಾಸು, ಅವಲಕ್ಕಿಯಲ್ಲಿ 350, ಶೇಂಗಾದಲ್ಲಿ ಹತ್ತಿರ ಹತ್ತಿರ 570. ಅಂದರೆ ಶೇಂಗಾ ಚಿಕ್ಕಿಯಂಥ ಟ್ರೆಕ್ಕಿಂಗ್ ಆಹಾರ ಇನ್ನೊಂದಿಲ್ಲ, ಹೊರದೇಶದ ಎನರ್ಜಿ ಬಾರ್ ಹುಡುಕುವುದೇ ಬೇಡ. ಜೊತೆಗೆ ಒಂದು ಪೊಟ್ಟಣ ಹುರಿಹಿಟ್ಟು. ಅರಳಿಸಿದ ರಾಗಿ ಬೀಸಿದ್ದು, ಬೆಲ್ಲದ ಪುಡಿ ಮೊದಲೇ ಬೆರೆಸಿಟ್ಟರೆ ತಣ್ಣೀರಿನಲ್ಲಿ ಕಲಸಿದರೂ ಸಾಕು. ಒಲೆ ಬೇಡ, ಗ್ಯಾಸ್ ಬೇಡ, ಪಾತ್ರೆ ತೊಳೆಯುವ ಕೆಲಸ ಇಲ್ಲ. ಹೊಲಕ್ಕೆ ಹೋಗುವವರು ಗಂಟು ಕಟ್ಟಿಕೊಂಡು ಹೋಗುತ್ತಿದ್ದ ಆಹಾರ ಇದು. ದಾರಿಯಲ್ಲಿ ಮೂರು ಹೊತ್ತು ಊಟ ಸಿಗುವುದರಿಂದ ನಿಮಗೆ ಒಟ್ಟು 800 ಗ್ರಾಂ ತಿಂಡಿ ಧಾರಾಳ.

ಈಗ ಲೆಕ್ಕ ನೋಡಿ, 6 ಕಿಲೊ 810 ಗ್ರಾಂ. ಆದರೆ ನಿಮ್ಮ ಪಟ್ಟಿಯಲ್ಲಿ ನನಗೆ ನಿಜಕ್ಕೂ ಗಾಬರಿಯಾಗಿದ್ದು ಇದು: 16 ಕಿಲೊ ಹೊತ್ತರೂ ಅದರಲ್ಲಿ ಮಳೆಗೆ ಹಾಕುವುದು ಇಲ್ಲ, ಟಾರ್ಚ್ ಇಲ್ಲ, ಟೋಪಿ ಇಲ್ಲ, ಕೈಗವಸು ಇಲ್ಲ. ಪೊಂಚೊ (ಮೈಮೇಲೆ ಹೊದೆಯುವ ಮಳೆಯಂಗಿ) 280, ಹೆಡ್‌ಲ್ಯಾಂಪ್ 90, ಟೋಪಿ ಮತ್ತು ಕೈಗವಸು 160, ಥರ್ಮಲ್ (ಒಳಗೆ ಹಾಕುವ ಬೆಚ್ಚನೆ ಉಡುಪು) ಒಂದು ಜೊತೆ 350, ಇವನ್ನು ಕಡ್ಡಾಯವಾಗಿ ಸೇರಿಸಿ. ಆಗಲೂ 7 ಕಿಲೊ 690 ಗ್ರಾಂ. ಮೊದಲಿನ ಅರ್ಧಕ್ಕಿಂತ ಕಡಿಮೆ.

ಬ್ಯಾಗನ್ನು ಕೊನೆಯಲ್ಲಿ ಬದಲಿಸಿ. ಇಷ್ಟು ಸಾಮಾನಿಗೆ 40 ಲೀಟರಿನ ಬ್ಯಾಗ್ ಸಾಕು, 1,100 ಗ್ರಾಂನದು ಸಿಗುತ್ತದೆ, ಅಲ್ಲಿಗೆ ಇನ್ನೂ 1,200 ಗ್ರಾಂ ಹೋಯಿತು. ಮೊದಲೇ ಹಗುರ ಬ್ಯಾಗ್ ಕೊಂಡು ಅದರೊಳಗೆ 14 ಕಿಲೊ ತುಂಬಿದವರನ್ನು ನೋಡಿದ್ದೇನೆ. ತೀರಾ ಹಗುರ ಬ್ಯಾಗುಗಳಲ್ಲಿ ಬೆನ್ನಿಗೆ ಆಸರೆಯಾಗುವ ಫ್ರೇಮ್ ಇರೋದಿಲ್ಲ, ಎಂಟೊಂಬತ್ತು ಕಿಲೊ ದಾಟಿತೆಂದರೆ ಭಾರವೆಲ್ಲ ಹೆಗಲಿಗೇ ಬೀಳುತ್ತದೆ.

ಅಲ್ಟ್ರಾಲೈಟ್ ಅನ್ನುವ ಪದದ ಬಗ್ಗೆಯೂ ಹೇಳಿಬಿಡುತ್ತೇನೆ. ಊಟ, ನೀರು, ಇಂಧನ ಬಿಟ್ಟು ಉಳಿದ ತೂಕಕ್ಕೆ ಬೇಸ್ ವೇಟ್ ಅಂತಾರೆ. ಅದು 10 ಪೌಂಡ್, ಅಂದರೆ ಸುಮಾರು 4.5 ಕಿಲೊ ಒಳಗಿದ್ದರೆ ಅಲ್ಟ್ರಾಲೈಟ್, 9 ಕಿಲೊ ಒಳಗಿದ್ದರೆ ಲೈಟ್. ಅಮೆರಿಕದ ಚಾರಣಿಗರಲ್ಲಿ ರೂಢಿಯಾದ ಲೆಕ್ಕ ಇದು. ನಿಮ್ಮದು 7 ಕಿಲೊ ಹತ್ತಿರ ಬಂದು ನಿಂತಿದೆ. ನಿಮ್ಮ ಮಂಡಿಗೆ ಇಷ್ಟು ಸಾಕು, ಆ ಸಂಖ್ಯೆಯ ಹಿಂದೆ ಓಡಬೇಡಿ.

ಪ್ರಶ್ನೆ: ನನಗೆ 58 ವರ್ಷ, ನಿವೃತ್ತ ಶಿಕ್ಷಕಿ. ಗೆಳತಿಯರ ಜೊತೆ ಬೆಟ್ಟ ಹತ್ತುತ್ತೇನೆ. ಮಗ ಪಾದದ ಗಂಟು ಮುಚ್ಚುವ ಬೂಟು ತಂದುಕೊಟ್ಟಿದ್ದಾನೆ, ಜೋಡಿ 1,400 ಗ್ರಾಂ. ಹಾಕಿದರೆ ಕಾಲೆತ್ತುವುದೇ ಕಷ್ಟ. ಸಾದಾ ಶೂ ಹಾಕಿದರೆ ತಪ್ಪಾ? – ಓದುಗರು, ಶಿರಸಿ

ಉತ್ತರ: ತಪ್ಪಿಲ್ಲಮ್ಮ. ಪಾದದ ಮೇಲಿನ ಒಂದು ಕಿಲೊ ಬೆನ್ನಿನ ಮೇಲಿನ ಒಂದು ಕಿಲೊಗಿಂತ ನಾಲ್ಕರಿಂದ ಆರು ಪಟ್ಟು ಜಾಸ್ತಿ ಶಕ್ತಿ ತಿನ್ನುತ್ತದೆ ಅಂತ ಅಳೆದು ನೋಡಿದವರು ಹೇಳಿದ್ದಾರೆ, ಯಾಕೆಂದರೆ ಅದನ್ನು ಪ್ರತಿ ಹೆಜ್ಜೆಗೂ ಎತ್ತಿ ಇಳಿಸಬೇಕು. ಅಡಿಯಲ್ಲಿ ಆಳವಾದ ಹಲ್ಲಿರುವ ಟ್ರೇಲ್ ರನ್ನಿಂಗ್ ಶೂ ಜೋಡಿಗೆ ಸುಮಾರು 600 ಗ್ರಾಂ ಬರುತ್ತದೆ, ನಮ್ಮ ಘಟ್ಟದ ದಾರಿಗೆ ಅದೇ ಒಳ್ಳೆಯದು. ನೀರು ಒಳಗೆ ಹೋದರೂ ಬೇಗ ಹೊರಗೆ ಬರುತ್ತದೆ. ವಾಟರ್‌ಪ್ರೂಫ್ ಬೂಟಿನಲ್ಲಿ ಮೇಲಿಂದ ನೀರು ಹೊಕ್ಕರೆ ದಿನವಿಡೀ ಅಲ್ಲೇ ಕುಲುಕುತ್ತಿರುತ್ತದೆ. ಹಿಮದ ದಾರಿಗೆ ಹೋಗುವಾಗ ಮಾತ್ರ ಮಗ ತಂದ ಬೂಟು ತೆಗೆಯಿರಿ. ಒಂದು ಮಾತು, ಹಗುರ ಶೂ ಹಾಕುವವರು ಕೈಯಲ್ಲಿ ಕೋಲು ಹಿಡಿಯಬೇಕು. ಇಳಿಯುವಾಗ ಮಂಡಿಯ ಭಾರವನ್ನು ಅದು ಹಂಚಿಕೊಳ್ಳುತ್ತದೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಡೈನೀಮಾ ಬಟ್ಟೆಯ ಟೆಂಟ್ 600 ಗ್ರಾಂ ಅಷ್ಟೇ ಅಂತೆ, ಹೊರದೇಶದಿಂದ ತರಿಸಿದರೆ 50 ಸಾವಿರ ದಾಟುತ್ತದೆ. ಪಶ್ಚಿಮ ಘಟ್ಟದ ಚಾರಣಕ್ಕೆ ಕೂಡಿಟ್ಟ ದುಡ್ಡು ಹಾಕಲಾ? – ಓದುಗರು, ಮಂಗಳೂರು

ಉತ್ತರ: ಬೇಡ. ಬಟ್ಟೆ ಅದ್ಭುತವಾದದ್ದು, ನಿಜ. ಈ ನಾರು ತೂಕಕ್ಕೆ ತೂಕ ನೋಡಿದರೆ ಉಕ್ಕಿಗಿಂತ ಗಟ್ಟಿ, ನೆನೆದರೆ ನೈಲಾನಿನ ಹಾಗೆ ಜೋಲುವುದಿಲ್ಲ. ಆದರೆ ನಮ್ಮ ಕಾಡುಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಟೆಂಟ್ ಹಾಕುವಂತಿಲ್ಲ. ಇಲ್ಲಿನ ಬಹುಪಾಲು ಚಾರಣ ಬೆಳಿಗ್ಗೆ ಹತ್ತಿ ಸಂಜೆ ಇಳಿಯುವಂಥದ್ದು. ಆ ಟೆಂಟ್ ವರ್ಷಕ್ಕೆ ಎಷ್ಟು ರಾತ್ರಿ ಬಿಚ್ಚುತ್ತೀರಿ, ಎಣಿಸಿ ನೋಡಿ.

ನಿಮಗೆ ಒಬ್ಬ ಅಜ್ಜಿಯ ವಿಷಯ ಹೇಳಬೇಕು. ಅಮೆರಿಕದ ಒಹಾಯೊ ರಾಜ್ಯದ ಎಮ್ಮಾ ಗೇಟ್‌ವುಡ್, ಹನ್ನೊಂದು ಮಕ್ಕಳ ತಾಯಿ. 1955ರಲ್ಲಿ, ತಮ್ಮ 67ನೇ ವಯಸ್ಸಿನಲ್ಲಿ, ಜಾರ್ಜಿಯಾದಿಂದ ಮೇಯ್ನ್‌ವರೆಗಿನ ಅಪಲೇಚಿಯನ್ ಟ್ರೇಲನ್ನು ಒಬ್ಬರೇ ನಡೆದು ಮುಗಿಸಿದರು, 3,200 ಕಿಲೋಮೀಟರಿಗೂ ಹೆಚ್ಚು. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ಡೆನಿಮ್ ಬಟ್ಟೆಯಲ್ಲಿ ಮನೆಯಲ್ಲೇ ಹೊಲಿದ ಚೀಲ, ಹೊದೆಯಲು ಒಂದು ಕಂಬಳಿ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಆಮೇಲೆ ಇನ್ನೂ ಎರಡು ಸಲ ಆ ದಾರಿ ಮುಗಿಸಿದರು. 1990ರ ದಶಕದಲ್ಲಿ ಹಗುರ ಚಾರಣದ ಮಾತನ್ನು ಎಲ್ಲೆಡೆ ಹಬ್ಬಿಸಿದ ರೇ ಜಾರ್ಡಿನ್ ಕೂಡ ತಮ್ಮ ಚೀಲ, ಟಾರ್ಪಾಲುಗಳನ್ನು ತಾವೇ ಹೊಲಿದುಕೊಂಡವರು. ನಿಮ್ಮ ಊರಲ್ಲಿ ಹೊಲಿಗೆ ಅಂಗಡಿಗಳಿಗೆ ಕೊರತೆ ಇಲ್ಲ. ರಿಪ್‌ಸ್ಟಾಪ್ ನೈಲಾನ್ (ಹರಿದರೂ ಹರುಕು ಹರಡದ ನೇಯ್ಗೆ) ಬಟ್ಟೆ ತಂದು ಒಂದು ಟಾರ್ಪಾಲು ಹೊಲಿಸಿ. ನಾಲ್ಕು ಮೂಲೆಗೆ ಹಗ್ಗ ಕಟ್ಟಲು ಕುಣಿಕೆ, ಹೊಲಿಗೆಯ ಮೇಲೆ ನೀರು ಇಳಿಯದಂತೆ ಸೀಲೆಂಟ್ ಅಂಟು, ಅಷ್ಟೇ. ಉಳಿದ ದುಡ್ಡಲ್ಲಿ ಹಿಮಾಲಯಕ್ಕೆ ಎರಡು ಸಲ ಹೋಗಿ ಬನ್ನಿ.

ಪ್ರಶ್ನೆ: ತೂಕ ಇಳಿಸುವ ಭರದಲ್ಲಿ ಏನನ್ನು ಬಿಡಬಾರದು? ನಾವು ಮಳೆಗಾಲದಲ್ಲೂ ಮಲೆನಾಡಿನಲ್ಲಿ ನಡೆಯುವವರು. – ಓದುಗರು, ತೀರ್ಥಹಳ್ಳಿ

ಉತ್ತರ: ಒಣಗಿದ ಒಂದು ಜೊತೆ ಬಟ್ಟೆ. ಇದನ್ನು ನಾನು ಕೊಡಚಾದ್ರಿಯಲ್ಲಿ ಕಲಿತೆ. ಆಗಸ್ಟ್ ತಿಂಗಳು, ಬ್ಯಾಗಿಗೆ ಹೊರಗಿನಿಂದ ರೈನ್ ಕವರ್ ಹಾಕಿದ್ದೆ, ನಿಶ್ಚಿಂತೆಯಿಂದ ಇದ್ದೆ. ಆದರೆ ಕವರ್ ಮುಚ್ಚುವುದು ಹೊರಭಾಗವನ್ನು ಮಾತ್ರ. ಬೆನ್ನಿನ ಕಡೆಯಿಂದ ನೀರು ಇಳಿದು ಇಳಿದು ಸಂಜೆಗೆ ಒಳಗಿದ್ದದ್ದೆಲ್ಲ ತೊಯ್ದುಹೋಗಿತ್ತು. ಹತ್ತು ಕಿಲೊ ಇದ್ದ ಚೀಲ ಎತ್ತಲಾಗದಷ್ಟು ಭಾರ ಆಗಿತ್ತು, ಗಾಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು, ಬದಲಾಯಿಸಲು ಒಂದು ಒಣ ಬನಿಯನ್ ಕೂಡ ಇರಲಿಲ್ಲ. ಅವತ್ತು ನಡುಕ ನಿಲ್ಲದೆ ಇದ್ದಾಗ ನಿಜವಾಗಿ ಹೆದರಿದ್ದೆ. ನಮ್ಮ ಘಟ್ಟದಲ್ಲೂ ಮೈ ತಣ್ಣಗಾಗಿ ಅಪಾಯವಾಗಬಹುದು, ಅದಕ್ಕೆ ಹಿಮವೇ ಬೇಕಾಗಿಲ್ಲ.

ಅವತ್ತಿನಿಂದ ಕವರ್ ಬಿಟ್ಟೆ. ಕಸದ ಚೀಲದಂಥ ದಪ್ಪ ದೊಡ್ಡ ಪ್ಲಾಸ್ಟಿಕ್ ಚೀಲವನ್ನು ಬ್ಯಾಗಿನ ಒಳಗೆ ಮೊದಲು ಇಳಿಸಿ, ಸಾಮಾನೆಲ್ಲ ಅದರೊಳಗೆ ತುಂಬಿ, ಬಾಯಿ ತಿರುಚಿ ಮಡಚುತ್ತೇನೆ. 50 ಗ್ರಾಂ ಅಷ್ಟೇ. ಮೈಮೇಲಿನ ಬಟ್ಟೆ ನೆನೆದರೆ ನೆನೆಯಲಿ, ಮಲಗುವ ಬಟ್ಟೆ ಚೀಲದಿಂದ ಹೊರಗೆ ಬರುವುದು ಸೂರಿನ ಕೆಳಗೆ ಸೇರಿದ ಮೇಲೇ. ಬೆಳಿಗ್ಗೆ ಮತ್ತೆ ಒದ್ದೆ ಬಟ್ಟೆಯನ್ನೇ ಹಾಕಿಕೊಳ್ಳಬೇಕು. ಬೇಜಾರಾಗುತ್ತದೆ, ಆದರೂ ಹಾಕಿಕೊಳ್ಳಿ, ಹತ್ತು ನಿಮಿಷ ನಡೆದರೆ ಮೈ ಬಿಸಿಯಾಗುತ್ತದೆ.

ಹೆಡ್‌ಲ್ಯಾಂಪ್, ಸೀಟಿ, ಓಆರ್‌ಎಸ್ ಪೊಟ್ಟಣ, ನಿಮ್ಮ ದಿನದ ಮಾತ್ರೆ, ಗಾಯದ ಬ್ಯಾಂಡೇಜ್ ಬಿಡಬೇಡಿ, ಎಲ್ಲ ಸೇರಿದರೂ ಕಾಲು ಕಿಲೊ ಆಗೋದಿಲ್ಲ. ಇಂಬಳಕ್ಕೆ (ಕಾಡಿನ ಜಿಗಣೆ) ಮಂಡಿವರೆಗಿನ ದಟ್ಟ ನೇಯ್ಗೆಯ ಬಟ್ಟೆಯ ಸಾಕ್ಸ್ ಇರಲಿ. ಉಪ್ಪಿಗೆ ಡಬ್ಬಿ ಬೇಡ, ಒಂದು ಹಿಡಿ ಉಪ್ಪನ್ನು ಹಳೆ ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಬಿಗಿಯಿರಿ. ಹತ್ತಿಕೊಂಡ ಇಂಬಳಕ್ಕೆ ಒದ್ದೆ ಗಂಟನ್ನು ಮುಟ್ಟಿಸಿದರೆ ಉದುರುತ್ತದೆ, ಬಗ್ಗುವ ಕೆಲಸವೂ ಇಲ್ಲ.