ಇಂಗ್ಲೆಂಡಿನ ಚಳಿಗಾಲದಲ್ಲಿ ನಿಮ್ಮ ಸೋದರತ್ತೆಯವರಿಗೆ ಸಿಗಬಹುದಾದ ನೆರವು

ಬರ್ಮಿಂಗ್‌ಹ್ಯಾಮ್‌ನಲ್ಲಿ ದಶಕಗಳಿಂದ ನೆಲೆಸಿ ಇಲ್ಲಿನ ಪೌರತ್ವ ಪಡೆದಿರುವ ನಿಮ್ಮ ಸೋದರತ್ತೆಯವರು, 78ರ ಈ ವಯಸ್ಸಿನಲ್ಲಿ ಮಂಡಿನೋವಿನಿಂದ ಮನೆಯಲ್ಲೇ ಕೂತಿದ್ದರೂ ಬಿಲ್ಲಿಗೆ ಹೆದರಿ ಹೀಟಿಂಗ್ ಹಾಕುವುದಿಲ್ಲವೆಂದೂ, ಕೆಲಸದ ವೀಸಾದಲ್ಲಿರುವ ನೀವು ಅವರ ಜೊತೆಯಲ್ಲೇ ವಾಸಿಸುತ್ತಿರುವಿರೆಂದೂ ಬರೆದು, ಸರ್ಕಾರದ ನೆರವು ಉಂಟೇ ಎಂದು ಕೇಳಿದ್ದೀರಿ. ಖಂಡಿತ ಉಂಟು, ಆದರೆ ಎಲ್ಲವೂ ತಾನಾಗಿ ಬರುವುದಿಲ್ಲ.

ತಾನಾಗಿ ಬರುವುದು ವಿಂಟರ್ ಫ್ಯೂಯಲ್ ಪೇಮೆಂಟ್, ಅಂದರೆ ಮನೆ ಬೆಚ್ಚಗಿಡುವ ಖರ್ಚಿಗೆಂದು ಪಿಂಚಣಿ ವಯಸ್ಸಿನವರಿಗೆ ಸರ್ಕಾರ ಕೊಡುವ ಹಣ. 80 ತುಂಬದವರ ಮನೆಗೆ ವರ್ಷಕ್ಕೆ 200 ಪೌಂಡ್, ತುಂಬಿದವರಿದ್ದರೆ 300. 2024ರಲ್ಲಿ ಇದನ್ನು ಬಡ ಪಿಂಚಣಿದಾರರಿಗಷ್ಟೇ ಸೀಮಿತಗೊಳಿಸಿ, ಜನ ತೀವ್ರವಾಗಿ ವಿರೋಧಿಸಿದ ಮೇಲೆ 2025ರಲ್ಲಿ ಮತ್ತೆ ವಿಸ್ತರಿಸಿದರು. ಈಗ ವಾರ್ಷಿಕ ಆದಾಯ 35,000 ಪೌಂಡ್ ಮೀರಿದವರಿಂದ ಮಾತ್ರ ತೆರಿಗೆಯ ಮೂಲಕ ಹಿಂಪಡೆಯುತ್ತಾರೆ. ಇದಕ್ಕೆ ಅರ್ಜಿ ಹಾಕಲು ಲಿಂಕ್ ಒತ್ತಿ ಎನ್ನುವ ಮೆಸೇಜುಗಳು ಮೋಸದವು, ಅತ್ತೆಯವರಿಗೆ ದಯವಿಟ್ಟು ಹೇಳಿಡಿ.

ನಿಜವಾದ ಬಾಗಿಲು ಪೆನ್ಷನ್ ಕ್ರೆಡಿಟ್. ಆದಾಯ ಕಡಿಮೆಯಿರುವ ಹಿರಿಯರಿಗೆ ಸಿಗುವ ಈ ಪೂರಕ ಹಣವನ್ನು ಕೇಳಿ ಪಡೆಯಬೇಕು. ಸಂಕೋಚದಿಂದ ಕೇಳದೆ ಉಳಿಯುವ ನಮ್ಮ ಹಿರಿಯರನ್ನು ಕಂಡಾಗ ನನಗೆ ಬಹಳ ನೋವಾಗುತ್ತದೆ. ಇದು ಮಂಜೂರಾದರೆ, ನವೆಂಬರ್ 1ರಿಂದ ಮಾರ್ಚ್ 31ರ ನಡುವೆ ಅವರ ಪ್ರದೇಶದ ಸರಾಸರಿ ಉಷ್ಣಾಂಶ ಸತತ ಏಳು ದಿನ ಸೊನ್ನೆ ಡಿಗ್ರಿ ಅಥವಾ ಅದಕ್ಕಿಂತ ಕೆಳಗಿದ್ದಾಗಲೆಲ್ಲ 25 ಪೌಂಡ್ ಕೋಲ್ಡ್ ವೆದರ್ ಪೇಮೆಂಟ್ ಬರುತ್ತದೆ. ವಿದ್ಯುತ್ ಬಿಲ್ಲಿನಲ್ಲಿ 150 ಪೌಂಡ್ ಕಡಿತವಾಗುವ ವಾರ್ಮ್ ಹೋಮ್ ಡಿಸ್ಕೌಂಟ್ ಸಿಗಲು ಬಿಲ್ಲು ಅವರ ಹೆಸರಿನಲ್ಲೇ ಇರಬೇಕು. ಉಪಕಾರವೆಂದು ಅದನ್ನು ನಿಮ್ಮ ಹೆಸರಿಗೆ ಬದಲಿಸಿಕೊಳ್ಳಬೇಡಿ.

ಅವರಿಗೆ ಸ್ನಾನಕ್ಕೆ, ಬಟ್ಟೆ ಹಾಕಿಕೊಳ್ಳಲು ಇನ್ನೊಬ್ಬರ ಕೈ ಬೇಕಾಗುತ್ತಿದ್ದರೆ, ಆದಾಯವನ್ನೇ ನೋಡದೆ ಕೊಡುವ ಅಟೆಂಡೆನ್ಸ್ ಅಲೋಯನ್ಸ್‌ಗೂ ಅರ್ಜಿ ಹಾಕಿಸಿ. ಫಾರಂ ತುಂಬುವಾಗ ಪಕ್ಕದಲ್ಲಿ ಕೂರಿ. "ಹೇಗೋ ಆಗುತ್ತೆ ಬಿಡು" ಎಂದೇ ಅವರು ಉತ್ತರಿಸುತ್ತಾರೆ. ನೋವು ಹೆಚ್ಚಾದ ದಿನ ಬಚ್ಚಲಿಗೆ ಇಳಿಯಲು ಎಷ್ಟು ಹೊತ್ತು ಹಿಡಿಯುತ್ತದೆ, ಯಾರು ಹಿಡಿದುಕೊಳ್ಳುತ್ತಾರೆ ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯಿಸಿ. ನೀವು ಜೊತೆಯಲ್ಲಿ ವಾಸಿಸುತ್ತಿರುವುದನ್ನೂ ಮುಚ್ಚಿಡದೆ ತಿಳಿಸಿ. ಒಂಟಿಯಾಗಿರುವ ಅಂಗವಿಕಲರಿಗೆ ಪೆನ್ಷನ್ ಕ್ರೆಡಿಟ್‌ನಲ್ಲಿ ಸೇರುವ ಹೆಚ್ಚುವರಿ ಮೊತ್ತದ ಮೇಲೆ ಅದು ಪರಿಣಾಮ ಬೀರಬಹುದು.

ನಿಮ್ಮ ವಿಷಯ ಬೇರೆ. ಕೆಲಸದ ವೀಸಾದಲ್ಲಿರುವವರು ಸರ್ಕಾರಿ ನಿಧಿಯ ಈ ನೆರವುಗಳನ್ನು ತಮಗಾಗಿ ಪಡೆಯುವಂತಿಲ್ಲ, ಪಡೆದರೆ ವೀಸಾಕ್ಕೇ ಕುತ್ತು. ಮುಂದೆ ತಾಯಿಯವರನ್ನು ಕರೆಸಿಕೊಳ್ಳುವುದಾದರೆ ಅವರ ವೀಸಾದ ಷರತ್ತನ್ನೂ ಮೊದಲೇ ಓದಿ. ಆದರೆ ವಿದ್ಯುತ್ ಕಂಪನಿಯ ಪ್ರಯಾರಿಟಿ ಸರ್ವಿಸಸ್ ರಿಜಿಸ್ಟರ್ ಸರ್ಕಾರದ ಹಣವಲ್ಲ, ಉಚಿತ. ಕರೆಂಟ್ ಹೋದಾಗ ಹಿರಿಯರಿಗೆ ಮೊದಲು ನೆರವಾಗಲು ಇರುವ ಪಟ್ಟಿ ಅದು. ಅತ್ತೆಯವರ ಹೆಸರನ್ನು ಈ ವಾರವೇ ಅದರಲ್ಲಿ ಸೇರಿಸಿ, ಪೆನ್ಷನ್ ಕ್ರೆಡಿಟ್ ಅರ್ಜಿಯನ್ನು ಚಳಿ ಬಲಿಯುವ ಮೊದಲೇ ಕಳಿಸಿ.